ವಸಂತಮ್ಮನವರ ನೂರಾ ಹನ್ನೆರಡು ಕಡತಗಳು

ವಾಚಕ ಮಹಾಶಯರೇ, ಈ ಕಪ್ಪು ಪರದೆಯಲ್ಲಿ ಕರ್ಸರ್ ಮಿಟುಕುತ್ತಿರುವುದನ್ನು ದಯಮಾಡಿ ಅವಲೋಕಿಸಿರಿ — ಯಾರನ್ನು ಕರೆಯುತ್ತಿದ್ದೇನೆ, ಚಾಮರಾಜಪುರಂನ ಶಾಲಿನಿಯ ಮನೆಯ ಈ ಕೋಣೆಯಲ್ಲಿ ನಾನೊಬ್ಬನೇ, ಬೀದಿಯಲ್ಲಿ ಸೊಪ್ಪಿನವಳ ಕೂಗು, ಅಳಿಸುವ ಸ್ಕ್ರಿಪ್ಟ್ ಮುಗಿದಿದೆ, ಮುಂಬಯಿಯ ಯಾವುದೋ ಕಟ್ಟಡದಲ್ಲಿರುವ ಹಳೆಯ ಸರ್ವರ್ ಬರಿದಾಗಿದೆ, ಅದಕ್ಕೆಂದೇ ಶಾಲಿನಿ ನನ್ನನ್ನು ಕರೆಸಿದ್ದು, ತನ್ನ ಹಾಸ್ಟೆಲಿನ ಅಂಧ ವಿದ್ಯಾರ್ಥಿನಿಯರಿಗಾಗಿ ಓದಿಸಿಟ್ಟ ಪುಸ್ತಕಗಳ ಧ್ವನಿಯನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿ ಹಳೆಯದನ್ನು ಅಳಿಸುವುದು, ಮೂರು ದಿನದ ಕೆಲಸ, ಆಮೇಲೆ ಮತ್ತೊಂದು ಊರು, ನನ್ನ ಬದುಕೆಲ್ಲ ಹೀಗೆಯೇ — ಎರಡೂ ಕಡೆ ಎಣಿಸಿದೆ, ಅಲ್ಲಿ ಆರುನೂರ ನಲವತ್ತು ಕಡತ, ಇಲ್ಲಿಯೂ ಆರುನೂರ ನಲವತ್ತು, ಗಾತ್ರವನ್ನು ಮಾತ್ರ ನೋಡಲಿಲ್ಲ, ಎಲ್ಲರೂ ಮೊದಲು ಗಾತ್ರ ನೋಡುತ್ತಾರೆ, ನಾನೂ ನೋಡುವವನಿದ್ದೆ, ಅಷ್ಟರಲ್ಲಿ ಶಾಲಿನಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಮ್ಮಂದು ಎಲ್ಲಾ ಬಂದ್ವಾ ಮಹೇಶ್ ಎಂದು ಕೇಳಿದಳು, ಬಂದಿವೆ ಎಂದೆ, ಹಳೆಯದನ್ನು ಅಳಿಸಲು ಎಂಟರ್ ಒತ್ತಿದೆ.

ಈಗ ನೋಡಿದರೆ ಹೊಸ ಸರ್ವರಿನ ಜಾಗ ಸಾಗಣೆಯ ನಡುವೆಯೇ ತುಂಬಿಹೋಗಿತ್ತು, ಓದಿದವರ ಪಟ್ಟಿ ಅಕಾರಾದಿ, ಅದರಲ್ಲಿ ವಕಾರವೇ ಕೊನೆ, ಮಿಕ್ಕವರೆಲ್ಲರ ಓದು ಬಂದಿದೆ, ಶಾಲಿನಿಯ ತಾಯಿ ವಸಂತಮ್ಮನವರ ನೂರಾ ಹನ್ನೆರಡು ಕಡತಗಳ ಹೆಸರು ಬಂದಿದೆ, ಧ್ವನಿ ಬಂದಿಲ್ಲ, ಬೇರೆ ಪ್ರತಿಯೂ ಇಲ್ಲ — ಎರಡು ವರ್ಷದ ಹಿಂದೆ ಇದೇ ಮನೆಯ ಅಡುಗೆಮನೆಯಲ್ಲಿ ನಾನೇ ಅವರ ಮುಂದೆ ಮೈಕ್ ಇಟ್ಟಿದ್ದೆ, ಫ್ರಿಜ್ ಆಫ್ ಮಾಡಪ್ಪ, ಇಲ್ದಿದ್ರೆ ಅದೂ ನನ್ ಜೊತೆ ಓದ್ತದೆ, ನಕ್ಕಿದ್ದರು, ನೀನು ಒಂದೂರಲ್ಲಿ ನಿಲ್ಲೋ ಪೈಕಿ ಅಲ್ಲ ಕಣೋ, ಊಟನಾದ್ರೂ ಮಾಡ್ಕೊಂಡು ಹೋಗು, ಆಷಾಢದಲ್ಲಿ ತೀರಿಕೊಂಡರಂತೆ, ನಾನಾಗ ಹುಬ್ಬಳ್ಳಿಯಲ್ಲೋ ಬೀದರಿನಲ್ಲೋ ಇದ್ದೆ — ಫೋನು, ಶಾಲಿನಿ, ಲಷ್ಕರ್ ಮೊಹಲ್ಲಾದ ಹಾಸ್ಟೆಲಿನಿಂದ, ಮಕ್ಕಳೆಲ್ಲ ಕೂತ್ಬುಟ್ಟಿದ್ದಾರೆ, ಅಮ್ಮಂದು ಯಾವ್ದಾದ್ರೂ ಒಂದು ಹಾಕಿ, ನಾನೂ ಅವ್ರು ಹೋದ್ಮೇಲೆ ಕೇಳೇ ಇಲ್ಲ ಕಣ್ರೀ, ಧೈರ್ಯ ಆಗಿರ್ಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿದೆ, ಲ್ಯಾಪ್‌ಟಾಪ್ ಮಡಚಿದೆ, ವೈರು ಸುತ್ತಿದೆ, ಅಂಗಿಗಳನ್ನು ಬ್ಯಾಗಿಗೆ ತುರುಕಿದೆ, ಆಟೋದವನು ಬ್ಯಾಗ್ ನೋಡಿ ಬಸ್‌ಸ್ಟ್ಯಾಂಡಾ ಸಾರ್ ಎಂದ, ಬಸ್‌ಸ್ಟ್ಯಾಂಡಿಗೂ ಹಾಸ್ಟೆಲಿಗೂ ಒಂದೇ ದಾರಿ, ಸುಮ್ಮನೆ ಹೂಂ ಎಂದರೆ ಸಾಕಿತ್ತು, ಲಷ್ಕರ್ ಮೊಹಲ್ಲಾ ಎಂದೆ, ಹೇಳಬೇಕು, ಎದುರು ನಿಂತೇ ಹೇಳಬೇಕು, ಯಾವ ಮಾತಿನಿಂದ ಶುರುಮಾಡಲಿ, ಶಾಲಿನಿಯವರೇ, ನಿಮ್ಮ ಅಮ್ಮನ — ಕಣ್ಣು ಮುಚ್ಚಿದರೂ ಅದೇ ಪಟ್ಟಿ, ಕಡತದ ಹೆಸರು, ಪಕ್ಕದಲ್ಲಿ ಗಾತ್ರ, ವಸಂತಮ್ಮ ಒಂದು, ಸೊನ್ನೆ, ವಸಂತಮ್ಮ ಎರಡು, ಸೊನ್ನೆ, ವಸಂತಮ್ಮ ಮೂರು, ಸೊನ್ನೆ