ಮಜೀದಸಾಬರ ಓರೆ ಗೆರೆ

ಸಿಲಿಂಡರನ್ನು ಬಾಗಿಲ ಕಡೆ ಓರೆ ಮಾಡಿ ಹಿಡಿದ ಕೂಡಲೇ ಅದರ ಟೊಳ್ಳು ಬೋರಿನೊಳಗೆ ಬೆಳಕು ಇಳಿಯಿತು, ಗೆರೆಗಳು ಎದ್ದು ಕಂಡವು, ಒಂದು ಕಡಿದಾಗಿ ಇಳಿಯುವುದು, ಇನ್ನೊಂದು ಅದನ್ನು ದಾಟಿ ಸುಸ್ತಾದವನ ಹಾಗೆ ಅಡ್ಡ ಮಲಗುವುದು, ಕೆಲಸ ಕಲಿಸಿದ ಉಸ್ತಾದರದೇ, ಸಂಶಯವೇ ಇಲ್ಲ, ಶಹಾಬಾದಿನ ಸಿಲಿಂಡರುಗಳನ್ನೆಲ್ಲ ಸಾಲಾಗಿ ಇಟ್ಟರೂ ಭಾಗಣ್ಣ ಮಜೀದಸಾಬರದನ್ನು ಬೆರಳಿಟ್ಟು ತೋರಿಸಬಲ್ಲ — ಅಷ್ಟರಲ್ಲಿ ಹೊರಗೆ ಸಿಮೆಂಟಿನ ಲಾರಿ ಹಾಯ್ದು ಹೋಯಿತು, ಅಂಗಡಿಯ ತಗಡು ನಡುಗಿತು, ಬಿಳಿ ಧೂಳು ಕೇಳದೆ ಒಳಗೆ ಬಂತು, ಬೋರಿನ ಬಾಯಿಗೆ ಅಂಗೈ ಮುಚ್ಚಿದ, ಸಿಮೆಂಟ್ ಕಾರ್ಖಾನೆಯ ವಾಡಿಯಲ್ಲಿ ಅಂಗಡಿ ಇಟ್ಟು ಧೂಳಿನ ಮೇಲೆ ಸಿಟ್ಟಾದರೆ ದಿನವೂ ಸಿಟ್ಟಾಗಿಯೇ ಇರಬೇಕು, ಆದರೂ ಇವತ್ತು ಸಿಟ್ಟು ಬಂತು, ಇವತ್ತು ಎಲ್ಲದರ ಮೇಲೂ ಬರುತ್ತಿದೆ, ಮೇಜಿನ ಮೇಲಿನ ಆ ಎರಡು ಪೊಟ್ಟಣಗಳ ಮೇಲೂ. ಒಂದರಲ್ಲಿ ಬೂದು ರಿಂಗು, ಒಂದರಲ್ಲಿ ಬಿಳಿ ರಿಂಗು. ಎರಡೂ ಪಿಸ್ಟನ್ನಿಗೆ ಸರಿಯಾಗಿ ಕೂಡುತ್ತವೆ, ತೊಂದರೆ ಅದೇ. ಉಸ್ತಾದರ ಮಗ ಶಾಹನವಾಜ ಬೆಳಿಗ್ಗೆ ಎಲ್ಲವನ್ನೂ ಚೀಲದಿಂದ ಸುರಿದು ಹೋಗಿದ್ದಾನೆ, ದೊಡ್ಡ ಕಾರ್ಬುರೇಟರು, ಹೊಸ ಕ್ಯಾಮು, ತಲೆ ಉಬ್ಬಿದ ಪಿಸ್ಟನ್ನು, ಕಾಕಾ, ಅಬ್ಬಾನ ಬುಲೆಟ್ ಎಬ್ಬಿಸ್ಬೇಕ್ರಿ, ಹಂಗ ಸುಮ್ಮ ಎಬ್ಬಿಸೂದಲ್ಲ, ಕಾಗಿಣಾ ಹೊಳಿ ದಾಟಿ ಮಳಖೇಡಕ್ಕ ಡ್ಯೂಟಿಗಿ ಹೊಂಟ್ರ ಮಂದಿ ಹೊಳ್ಳಿ ನೋಡಬೇಕು, ಅಷ್ಟ ಜೋರ್ ಓಡಬೇಕ್ರಿ, ರಿಂಗ್ ಯಾವ್ದು ಹಾಕೂದು ನೀವ ಹೇಳ್ರಿ. ಮೂಗು ಅಪ್ಪನದೇ, ಅವಸರ ಮಾತ್ರ ಅಪ್ಪನದಲ್ಲ, ಉಸ್ತಾದರಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ, ಇದೇ ಬೋರನ್ನು ಕೊನೆಯ ಸೈಜಿಗೆ ಕೊರೆದು, ಕೈಯಾರೆ ಗೆರೆ ಎಳೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ರಿಂಗ್ ಆಮ್ಯಾಲ ನೋಡಿದ್ರಾಯ್ತು ಬೇಟಾ ಅಂದವರು ಮತ್ತೆ ಅಂಗಡಿಗೆ ಬರಲಿಲ್ಲ.

ಬೂದು ರಿಂಗು ಹಾಕಿದರೆ ಯಾರೂ ಏನನ್ನೂ ಮುಟ್ಟಬೇಕಿಲ್ಲ, ಅದರ ಮುಖ ಮೃದು, ಎಣ್ಣೆ ಹಿಡಿಯುತ್ತದೆ, ನುಣುಪಾದ ಗೆರೆಯ ಮೇಲೆ ಅತ್ತೆಮನೆಗೆ ಬಂದ ಅಳಿಯನ ಹಾಗೆ ಹಾಯಾಗಿ ಕೂಡುತ್ತದೆ, ಉಸ್ತಾದರ ಗೆರೆ ಈ ಸಲ ನುಣುಪಾಗಿಯೇ ಇದೆ, ಕೊನೆಗೆ ಕೈಯಲ್ಲಿ ಒತ್ತುವ ಕಸುವು ಉಳಿದಿರಲಿಲ್ಲವಲ್ಲ, ಗೆರೆ ಎಳೆಯುವ ಕಲ್ಲು ಬೋರಿನ ಮೈ ಸವರಿತ್ತು ಅಷ್ಟೆ. ಬಿಳಿ ರಿಂಗೆಂದರೆ ಕ್ರೋಮು, ಹಟಮಾರಿ, ಗಟ್ಟಿ, ಒರಟು ಗೆರೆ ಬೇಕು ಅದಕ್ಕೆ, ಅಂದರೆ ಮತ್ತೆ ಕಲ್ಲು ಹಚ್ಚಬೇಕು, ಅಂದರೆ ಈ ಗೆರೆಗಳು — ಬೇಡ, ಬೂದು ಹಾಕಿದರಾಯಿತು, ಬೆಂಗಳೂರು ಪುಣೆಗಳಲ್ಲಿ ಜೋರು ಓಡಿಸುವವರೆಲ್ಲ ಅದನ್ನೇ ಹಾಕುತ್ತಾರಂತೆ, ಹಾಕುತ್ತಾರೆ, ಅವರ ಊರಿನಲ್ಲಿ ಗಾಳಿಯಲ್ಲಿ ಕಲ್ಲು ಹಾರುವುದಿಲ್ಲ. ಇಲ್ಲಿ ಆ ಮೃದು ಮುಖಕ್ಕೆ ಕಲ್ಲಿನ ಪುಡಿ ಚುಚ್ಚಿಕೊಂಡು ಕೂತಿತೆಂದರೆ ರಿಂಗೇ ಅರವಾಗಿ ಬೋರನ್ನು ಉಜ್ಜುತ್ತದೆ, ಒಂದು ಬೇಸಿಗೆ ಸಾಕು, ಇದು ಕೊನೆಯ ಸೈಜು, ಇದನ್ನು ಕೆಡಿಸಿದರೆ ಇನ್ನು ಕೊರೆಯಲು ಮೈಯೇ ಇಲ್ಲ, ಉಸ್ತಾದರ ಸಿಲಿಂಡರು ಗುಜರಿಗೆ. ಗೆರೆ ಉಳಿಸಿದರೆ ಎಂಜಿನ್ನು ಹೋಗುತ್ತದೆ, ಎಂಜಿನ್ನು ಉಳಿಸಿದರೆ ಗೆರೆ ಹೋಗುತ್ತದೆ, ಎಂಥ ಲೆಕ್ಕಕ್ಕೆ ತಂದು ಕೂರಿಸಿದಿರಿ ಉಸ್ತಾದ್, ಇನ್ನೇನಿದೆ ನಿಮ್ಮ ಕೈಯದು ಎಂದು ಹೇಳಿಕೊಳ್ಳಲು, ನೀವು ಕಟ್ಟಿದ ಎಂಜಿನ್ನುಗಳೆಲ್ಲ ಸವೆದು ಹೋದವು, ಅಂಗಡಿ ಇದ್ದಲ್ಲಿ ಈಗ ಮೊಬೈಲು ಮಾರುತ್ತಾರೆ. ಮದುವೆಯಾದ ಹೊಸದು ಆಗ, ಮೀಸೆ ತೀಡಿಕೊಂಡು ಶಹಾಬಾದಿಗೆ ಕೆಲಸ ಕಲಿಯಲು ಹೋಗಿದ್ದ ಭಾಗಣ್ಣ, ಕಲ್ಲು ಸಿಕ್ಕಿಸಿ ತಿರುಗುವ ಡ್ರಿಲ್ಲು ಕೈಗೆ ಕೊಟ್ಟು ಉಸ್ತಾದರು ಅವನ ಕೈಯ ಮೇಲೆ ತಮ್ಮ ಕೈ ಇಟ್ಟಿದ್ದರು, ಗಂಡಸಿನ ಕೈಯನ್ನು ಹೀಗೆ ಹಿಡಿಯುತ್ತಾರೆಯೇ ಎಂದು ನಾಚಿಕೆಯಾಗಿತ್ತು, ಖಾಲಿ ಕೈ ಅಂದ್ಕೋ, ಡ್ರಿಲ್ ಮರ್ತ್‌ಬಿಡು, ಇಳಿ, ಏರು, ಇಳಿ, ಏರು, ಇಳಿಯುವಾಗ ಸರ್ರನೆ, ಏರುವಾಗ ನಿಧಾನ, ಹರೆಯದಲ್ಲಿ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎತ್ತುವಾಗ ಅವರ ಬಲಭುಜ ಜಾರಿತ್ತು, ಕೈ ಎತ್ತಬೇಕೆಂದರೆ ನೋವು, ಅದಕ್ಕೇ ಒಂದು ಗೆರೆ ಕಡಿದಾದದ್ದು, ಒಂದು ಮಲಗಿದ್ದು, ಬೇರೆ ಮಿಸ್ತ್ರಿಗಳು ನಗುತ್ತಿದ್ದರು, ಮಜೀದಸಾಬ, ನಿಮ್ಮ ಗೆರಿ ಕುಡುದಾವ ಏನ್ರಿ. ಉಸ್ತಾದರೂ ನಗುತ್ತಿದ್ದರು, ಎಣ್ಣಿ ಕುಡಿಲಿಕ್ಕೇ ಗೆರಿ ಎಳಿಯೂದು ಅನ್ನುತ್ತಿದ್ದರು.

ಆಗೆಲ್ಲ ಸಂಜೆ ಉಸ್ತಾದರ ಬುಲೆಟ್ಟು ರೈಲ್ವೆ ಗೇಟು ದಾಟಿದ ಸದ್ದು ಕೇಳಿ ಅವರ ಹೆಂಡತಿ ಅಮೀರ್‌ಬೀ ಚಾಚಿ ಒಲೆಯ ಮೇಲೆ ಚಹಾ ಇಡುತ್ತಿದ್ದಳು, ಗಂಡ ಒಳಗೆ ಬರುವುದಕ್ಕೂ ಚಹಾ ಉಕ್ಕುವುದಕ್ಕೂ ಸರಿಹೋಗುತ್ತಿತ್ತು, ಹಿಂದೆ ಕೂತು ಬಂದ ಭಾಗಣ್ಣನಿಗೂ ಒಂದು ಕಪ್ಪು, ಈಗ ಶಾಹನವಾಜ ಹೇಳುತ್ತಾನೆ, ಅಮ್ಮೀ ಇನ್ನೂ ಗೇಟಿನ ಕಡಿ ಕಿವಿ ಇಟ್ಕೊಂಡ ಕುಂದರ್ತಾಳ ಕಾಕಾ. ಅವಳಿಗೆ ಬೇಕಾದದ್ದು ಗೆರೆಯಲ್ಲ, ಸದ್ದು, ಗೆರೆಯನ್ನು ಯಾರು ನೋಡಿದ್ದಾರೆ, ಎಂಜಿನ್ನು ಮುಚ್ಚಿದ ಮೇಲೆ ಉಸ್ತಾದರೂ ನೋಡುತ್ತಿರಲಿಲ್ಲ, ನೋಡುವ ಹುಚ್ಚು ತನಗೊಬ್ಬನಿಗೆ, ಬಿಳಿ ರಿಂಗಿನ ಪೊಟ್ಟಣ ಹರಿದ. ರಿಂಗನ್ನು ಬೋರಿಗೆ ಇಟ್ಟು ಪಿಸ್ಟನ್ನು ತಿರುವಿ ಮೆಲ್ಲಗೆ ಒಳಗೆ ನೂಕಿದ, ರಿಂಗಿನ ಎರಡು ತುದಿ ಕೂಡುವಲ್ಲಿ ಎಷ್ಟು ಸಂದು ಎಂದು ತೆಳು ತಗಡು ತೂರಿಸಿ ನೋಡಿದ, ಬಿಗಿ, ಜೋರು ಓಡುವ ಎಂಜಿನ್ನಿಗೆ ಬಿಗಿ ಇರಬಾರದು, ಬಿಸಿ ಆದಮ್ಯಾಲ ಉಬ್ಬತದ ಬೇಟಾ, ಮಂದಿಗೂ ರಿಂಗಿಗೂ ಜರಾ ಜಾಗಾ ಕೊಡ್ಬೇಕು, ಹೌದು ಉಸ್ತಾದ್, ಅರದಿಂದ ತುದಿ ಒಂಚೂರು ತೀಡಿದ, ಮತ್ತೆ ನೋಡಿದ, ಸರಿ. ಇನ್ನು ಕಲ್ಲು. ಡ್ರಿಲ್ಲಿಗೆ ಒರಟು ಕಲ್ಲು ಸಿಕ್ಕಿಸಿ, ಸೀಮೆಎಣ್ಣೆ ಹನಿಸಿ, ಬೋರಿನ ಬಾಯಿಗೆ ತಂದು ನಿಂತುಬಿಟ್ಟ, ಮತ್ತೊಂದು ಲಾರಿ ಹೋಯಿತು, ಒಳಗೆ ಕೊನೆಯ ಸಲ ನೋಡಿದ, ಒಂದು ಕಡಿದಾಗಿ ಇಳಿಯುವುದು, ಇನ್ನೊಂದು ಅಡ್ಡ ಮಲಗುವುದು — ಮಾಫ್ ಮಾಡ್ರಿ ಉಸ್ತಾದ್, ಗುಂಡಿ ಒತ್ತಿದ, ಕಣ್ಣು ಮುಚ್ಚಿದ, ಇಳಿ, ಏರು, ಇಳಿ, ಏರು, ಬೂದುಗಪ್ಪು ನೀರು ತೊಟ್ಟಿಕ್ಕಿತು, ಅದರಲ್ಲಿ ಅವರ ಗೆರೆ ಹೋಗುತ್ತಿದೆ ಎಂದು ಗೊತ್ತಿತ್ತು, ಅಳು ಬಂತು, ಸೀಮೆಎಣ್ಣೆಯ ಘಾಟು ಎಂದುಕೊಂಡ, ಘಾಟಲ್ಲ, ಅಳುವೇ.

ಸಾಬೂನು, ಬಿಸಿನೀರು, ಬ್ರಷ್ಷು. ಬರೀ ಸೀಮೆಎಣ್ಣೆಯಲ್ಲಿ ತೊಳೆದು ಆಯಿತು ಅನ್ನುವವರು ಕಲ್ಲಿನ ಪುಡಿಯನ್ನು ಒಳಗೇ ಬಿಟ್ಟು ಎಂಜಿನ್ನು ಕಟ್ಟುತ್ತಾರೆ, ಉಸ್ತಾದರ ಅಂಗಡಿಯಲ್ಲಿ ಹಾಗಿಲ್ಲ, ಬಿಳಿ ಬಟ್ಟೆ ಒಳಗೆ ಹಾಕಿ ಒರೆಸಬೇಕು, ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವ ತನಕ. ಅಮೀರ್‌ಬೀ ಚಾಚಿ ತನ್ನ ಹಳೆಯ ಮಲಮಲ್ ದುಪಟ್ಟಾ ಕಳಿಸಿದ್ದಾಳೆ, ಆಗೆಲ್ಲ ಬೈಯುತ್ತಲೇ ಹರಿದು ಕೊಡುತ್ತಿದ್ದಳು, ನನಗಿಂತಾ ನಿಮ್ಮ ಸಿಲಿಂಡರಿಗೇ ದುಪಟ್ಟಾ ಜಾಸ್ತಿ ಬೇಕು, ಮೊದಲ ತುಂಡು ಕಪ್ಪಗೆ ಬಂತು, ಮತ್ತೊಂದು ಬೂದು, ಮತ್ತೊಮ್ಮೆ ಸಾಬೂನು, ಮತ್ತೊಂದು ತುಂಡು, ಕಡೆಗೆ ಒಂದು ಮಲ್ಲಿಗೆಯಷ್ಟು ಬೆಳ್ಳಗೆ ಹೊರಬಂತು. ಬಾಗಿಲ ಕಡೆ ಓರೆ ಮಾಡಿ ಹಿಡಿದ, ನೋಡುವ ಮನಸ್ಸಿರಲಿಲ್ಲ, ತನ್ನ ಗೆರೆಯಲ್ಲಿ ನೋಡುವುದೇನಿದೆ, ಮಟ್ಟಸ ಎಳೆಯುತ್ತೇನೆ ಎಂದೇ ಇಷ್ಟು ವರ್ಷ ತಿಳಿದಿದ್ದ, ಎಂದೂ ನಿಂತು ನೋಡಿದವನಲ್ಲ, ಬೆಳಕು ಇಳಿಯಿತು — ಎಡಗೈ ತಾನಾಗಿ ಮೇಲೆ ಹೋಗಿ ಬಲಭುಜ ಹಿಡಿದುಕೊಂಡಿತು, ಗಟ್ಟಿ ಭುಜ, ಖಣಿಯ ಮುಖ ಕಾಣದ್ದು, ಒಂದು ದಿನವೂ ನೋಯದ್ದು, ಆದರೆ ಬೋರಿನೊಳಗೆ, ಹೊಸದಾಗಿ, ಆಳವಾಗಿ, ಒಂದು ಕಡಿದಾಗಿ ಇಳಿಯುವುದು, ಇನ್ನೊಂದು ಅದನ್ನು ದಾಟಿ ಸುಸ್ತಾದವನ ಹಾಗೆ ಅಡ್ಡ ಮಲಗುವುದು, ಒಂದು ಕಡಿದಾಗಿ, ಇನ್ನೊಂದು ಮಲಗಿ —