ಐದು ಮನೆಯ ಬಟ್ಟೆ

ಅಂಗಡಿಯವನು ಬಟ್ಟೆಯ ಥಾನನ್ನು ಹಲಗೆಯ ಮೇಲೆ ಉರುಳಿಸಿಬಿಟ್ಟ. ನೀಲಿ ಹೂವಿನ ಹತ್ತಿ ಬಟ್ಟೆ ಬಿಚ್ಚಿಕೊಳ್ಳುತ್ತ ಬಂದು ಬೆಟ್ಟಮ್ಮನ ಮುಂದೆ ನಿಂತಿತು. ಅವಳು ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದಳು. ಗಂಜಿ ಇನ್ನೂ ಬಿಡದ ಹೊಸ ಬಟ್ಟೆ. ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಇನ್ನೊಂದು ಥಾನಿಗೆ ಕೈ ಹಾಕಿದ, ಅದಕ್ಕೂ ತಲೆಯಾಡಿಸಿದಳು. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಹೊಸದು ಬೇಡ, ಹಳೆಯದು ಬೇಕು ಎಂದು ಬಟ್ಟೆ ಅಂಗಡಿಯಲ್ಲಿ ನಿಂತು ಹೇಳುವುದು ಕನ್ನಡದಲ್ಲೇ ಕಷ್ಟ.

“ಊರಲ್ಲಿ ಬೇಡಿದ್ದು ಸಾಲ್ದು ಅಂತ ಫಾರಿನ್ನಿಗೂ ಬಂದವ್ಳೆ,” ಎಂದಳು ಪುಟ್ಟಲಕ್ಷ್ಮಮ್ಮ. ಹೇಳಿದ್ದು ಬೆಟ್ಟಮ್ಮನಿಗಲ್ಲ, ತನ್ನ ಕೈಯಲ್ಲಿದ್ದ ಚೈನಾ ಕೊಡೆಗೆ. ಇಬ್ಬರೂ ಅಕ್ಕಿಹೆಬ್ಬಾಳಿನವರು, ಒಂದೇ ಬೀದಿಯವರು. ನಾಗಮಂಗಲದಿಂದ ಯಾತ್ರೆ ಬಸ್ಸು ಹೊರಟು ಹನ್ನೊಂದು ದಿನವಾಗಿದ್ದರೂ ಇಬ್ಬರೂ ನೇರವಾಗಿ ಒಂದು ಮಾತಾಡಿರಲಿಲ್ಲ. ಕಾಶಿಯಲ್ಲಿ ಒಂದೇ ಮೆಟ್ಟಿಲ ಮೇಲೆ ನಿಂತು ಮೂಗು ಹಿಡಿದು ಮುಳುಗೆದ್ದವರು, ಮೂಗು ಬಿಟ್ಟ ಮೇಲೂ ಬಾಯಿ ಬಿಟ್ಟಿರಲಿಲ್ಲ.

ಅದು ತೊಂಬತ್ತನಾಲ್ಕನೇ ಇಸವಿಯ ಮಾಘ ಮಾಸ. ಬಸ್ಸಿನಲ್ಲಿದ್ದ ನಲವತ್ತು ಜನಕ್ಕೆ ಕಾಶಿ, ಗಯಾ ಎಲ್ಲ ಪುಣ್ಯಕ್ಕೆ. ಕಠ್ಮಂಡು ಮಾತ್ರ ಫಾರಿನ್. ಪಶುಪತಿನಾಥನಿಗೆ ಕೈಮುಗಿದದ್ದು ಹತ್ತು ನಿಮಿಷವಾದರೆ ಪೇಟೆಯಲ್ಲಿ ಟಾರ್ಚು, ಫ್ಲಾಸ್ಕು, ಉಣ್ಣೆ ಶಾಲು ಎಂದು ಸುತ್ತಿದ್ದು ಮೂರು ತಾಸು. ಬೆಟ್ಟಮ್ಮ ಯಾತ್ರೆಗೆ ಬಂದವಳಲ್ಲ, ಯಾತ್ರೆಯವರ ಅಡಿಗೆಗೆ ಬಂದವಳು. ಹಿಮಾಲಯದ ತಪ್ಪಲಿಗೆ ಹೋದರೂ ನಮ್ಮವರಿಗೆ ಮಧ್ಯಾಹ್ನಕ್ಕೆ ಮುದ್ದೆ ಆಗಬೇಕು. ಬಸ್ಸಿನ ಯಜಮಾನ ಶಿವಲಿಂಗಯ್ಯ ಎರಡು ಮೂಟೆ ರಾಗಿ ಹಿಟ್ಟಿನ ಜೊತೆಗೆ ಅದನ್ನು ತೊಳಸಲು ಇವಳನ್ನೂ ಹತ್ತಿಸಿಕೊಂಡಿದ್ದ. ಅವಳು ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ತನ್ನನ್ನು ಯಾರೂ ಅರಿಯದ ಒಂದು ಊರು ಅವಳಿಗೆ ಬೇಕಾಗಿತ್ತು.

ಬಸುರಿ ಮಗಳು ನಾಗಮಣಿಗೆ ಏಳು ತಿಂಗಳು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಒಂದು ಒಂಬತ್ತನೇ ದಿನಕ್ಕೆ ಹೋಯಿತು, ಇನ್ನೊಂದು ಹನ್ನೊಂದನೇ ದಿನಕ್ಕೆ. ಹೀಗೆ ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟುವ ಕೂಸನ್ನು ತಿರಿದು ತಂದ ಬಟ್ಟೆಯ ಕೌದಿಯ ಮೇಲೆ ಮಲಗಿಸಬೇಕು ಎಂಬುದು ಅವರಲ್ಲಿ ಬಂದ ಪದ್ಧತಿ. ಐದು ಮನೆಯ ಹಳೇ ಬಟ್ಟೆ ಬೇಕು. ಕೊಡುವವಳು ಹೆತ್ತ ಮಕ್ಕಳೆಲ್ಲ ಉಳಿದಿರುವ ತಾಯಿಯಾಗಿರಬೇಕು. ಕೊಂಡ ಬಟ್ಟೆ ಆಗದು, ಏಕೆಂದರೆ ಕೊಂಡದ್ದಕ್ಕೆ ಬೆಲೆ ಇರುತ್ತದೆ. ಬೆಲೆಯಿಲ್ಲದ, ಯಾರಿಗೂ ಬೇಡದ ಕೂಸು ಇದು ಎಂದುಕೊಂಡು ಯಮ ಬಾಗಿಲಿಂದಲೇ ಮುಂದಕ್ಕೆ ಹೋಗಬೇಕು.

ಎರಡನೇ ಹೆರಿಗೆಯ ಹೊತ್ತಿಗೆ ಬೆಟ್ಟಮ್ಮ ತನ್ನ ಬೀದಿಯಲ್ಲೇ ಐದು ಮನೆ ಬೇಡಿದ್ದಳು. ಯಾರೂ ಇಲ್ಲವೆನ್ನಲಿಲ್ಲ. ಪುಟ್ಟಲಕ್ಷ್ಮಮ್ಮನಂತೂ ಉಟ್ಟು ಮೆತ್ತಗಾದ ತನ್ನ ಹಸಿರು ಸೀರೆಯ ಸೆರಗನ್ನೇ ಹರಿದು ಕೊಟ್ಟಿದ್ದಳು. ಕೂಸು ಹೋದ ಮೂರನೆಯ ದಿನ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದಾಗ ಬೆಟ್ಟಮ್ಮನ ಬಾಯಿಂದ ಒಂದು ಮಾತು ಬಂತು. “ಯಾವ ಮನೆ ಬಟ್ಟೇಲಿ ಏನ್ ಕೇಡಿತ್ತೋ.” ಯಾರನ್ನೂ ಬೆರಳು ಮಾಡಿ ಹೇಳಿದ್ದಲ್ಲ, ಸಂಕಟಕ್ಕೆ ಬಂದದ್ದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಐದು ಮನೆಯವರೂ ಅಲ್ಲಿದ್ದರು. ಅಂದಿನಿಂದ ಬೆಟ್ಟಮ್ಮ ನಲ್ಲಿಗೆ ಬಂದ ಕೂಡಲೇ ಉಳಿದವರ ಕೊಡಗಳು ಅರ್ಧಕ್ಕೇ ತುಂಬಿಬಿಡುತ್ತಿದ್ದವು.

ಕ್ಯಾತನಹಳ್ಳಿಯ ಬೀಗಿತ್ತಿ ಜಯಲಕ್ಷ್ಮಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಎರಡು ಕೂಸೂ ಹೋದದ್ದು ತವರಿನಲ್ಲೇ, ಈ ಸಲ ಸೊಸೆಯನ್ನು ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದಳು. ಗಂಡ ತೀರಿಕೊಂಡ ಮನೆಯಲ್ಲಿ ಒಬ್ಬಳೇ ಇರುವ ಬೆಟ್ಟಮ್ಮನಿಗೆ ಮಗಳ ಬಾಣಂತನವೂ ಇಲ್ಲವಾಯಿತು. ಇನ್ನು ಅವಳಿಂದ ಆಗುವುದೆಂದರೆ ಒಂದು ಕೌದಿ ಹೊಲಿಯುವುದು ಮಾತ್ರ.

ಕಠ್ಮಂಡುವಿನ ಆ ಬಟ್ಟೆ ಅಂಗಡಿ ದಾಟಿದರೆ ಬೀದಿ ಬದಿಯಲ್ಲಿ ಹಳೇ ಬಟ್ಟೆಯ ರಾಶಿ ಹಾಕಿಕೊಂಡು ಒಬ್ಬ ಕೂತಿದ್ದ. ಒಗೆದು ಒಗೆದು ನಯವಾದ ಹತ್ತಿ ಸೀರೆಗಳು. ಬೇಕಾದಷ್ಟು ಆರಿಸಿಕೋ ಎಂದು ಕೈ ಬೀಸಿದ. ಯಾರಿಗೆ ಗೊತ್ತಾಗುತ್ತದೆ ಎಂದು ಬೆಟ್ಟಮ್ಮ ಸೊಂಟದ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು. ಯಮನಿಗೆ ಗೊತ್ತಾಗುತ್ತದೆ ಎಂದು ಕೈ ತೆಗೆದಳು.

ಮರುದಿನ ಬೆಳಗ್ಗೆ ಉಪ್ಪಿಟ್ಟಿನ ಪಾತ್ರೆ ತೊಳೆದಿಟ್ಟು ಶಿವಲಿಂಗಯ್ಯನ ಹತ್ತಿರ ಹೋದಳು.

“ಅಣ್ಣ, ಹಳೇ ಬಟ್ಟೆ ಕೊಡಿ ಅಂತ ಇವರ ಮಾತಲ್ಲಿ ಎಂಗೆ ಕೇಳದು?”

“ಯಾಕಮ್ಮ, ಪಾತ್ರೆ ಒರ್ಸಾಕಾ?”

“ಊಂ ಅನ್ಕಳಿ.”

“ಪುರಾನಾ ಕಪಡಾ ಅನ್ನು, ತಿಳೀತದೆ. ಹನ್ನೆರಡಕ್ಕೆ ಬಸ್ಸು ಬುಡ್ತೀನಿ. ನಿನ್ನ ಕಾಯ್ಕಂಡು ನಿಂತ್ಕಳಾಕಾಗಕಿಲ್ಲ.”

ಧರ್ಮಶಾಲೆಯ ಹಿಂದೆ ಒಂದು ಓಣಿ. ಕೆಂಪು ಇಟ್ಟಿಗೆಯ ಮನೆಗಳು, ಸೂರಿನಡಿ ನೇತುಹಾಕಿದ ಮುಸುಕಿನ ಜೋಳದ ಗೊಂಚಲು. ಮೊದಲನೆಯ ಮನೆಯ ಮುಂದೆ ನಿಂತು “ಪುರಾನಾ ಕಪಡಾ” ಎಂದಳು. ಒಳಗಿಂದ ಬಂದ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದು ಚಾಚಿದಳು. ಐವತ್ತೆರಡು ವರ್ಷ ದುಡಿದು ತಿಂದ ಬೆಟ್ಟಮ್ಮ ಸೆರಗೊಡ್ಡಿ ಆ ಅಕ್ಕಿಯನ್ನು ಈಸಿಕೊಂಡಳು. ಬೇಡಲು ಬಂದವಳು ಇದು ಬೇಕು, ಅದು ಬೇಡ ಎನ್ನುವ ಹಾಗಿಲ್ಲವಲ್ಲ. ಆಮೇಲೆ ತನ್ನ ಸೀರೆಯನ್ನು ಹಿಡಿದು ತೋರಿಸಿ, ತೊಟ್ಟಿಲು ತೂಗುವ ಹಾಗೆ ಕೈಯಾಡಿಸಿದಳು. ಮುದುಕಿ ನಕ್ಕು ಮತ್ತೆ ಒಳಗೆ ಹೋದಳು.

ಹತ್ತೂವರೆಯ ಹೊತ್ತಿಗೆ ನಾಲ್ಕು ಮನೆಯ ಬಟ್ಟೆ ಕೂಡಿತು. ಪ್ರತಿ ಮನೆಯಲ್ಲೂ ಬೆರಳು ತೋರಿಸಿ ಎಷ್ಟು ಮಕ್ಕಳು, ಎಲ್ಲ ಇದ್ದಾರಾ ಎಂದು ಕೇಳಿದ್ದಳು. ಅವರು ನಗುತ್ತ ಮೂರು, ನಾಲ್ಕು ಎಂದು ಬೆರಳೆತ್ತಿ, ಮೊಣಕಾಲುದ್ದ, ಸೊಂಟದುದ್ದ ಎಂದು ಅಳತೆ ತೋರಿಸಿದ್ದರು.

ಓಣಿಯ ಕೊನೆಯ ಮನೆಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಿಸಿಲಿಗೆ ಬೆನ್ನು ಕೊಟ್ಟು ಸೊಪ್ಪು ಹರವುತ್ತಿದ್ದಳು. ಬೆಟ್ಟಮ್ಮನನ್ನು ಕಂಡು ಚಾಪೆಯ ತುದಿಯನ್ನು ಕೈಯಿಂದ ತಟ್ಟಿದಳು. ಹನ್ನೆರಡು ದಿನದಿಂದ ಯಾರೂ ಬೆಟ್ಟಮ್ಮನಿಗೆ ಕೂತುಕೋ ಎಂದಿರಲಿಲ್ಲ. ಕೂತಳು. ಕೂತದ್ದಕ್ಕೋ ಏನೋ, ನಾಲ್ಕು ಮನೆಯಲ್ಲಿ ಹೇಳದೆ ಇದ್ದದ್ದನ್ನು ಇಲ್ಲಿ ಹೇಳಿದಳು. ತೊಟ್ಟಿಲು ತೂಗಿ, ಎರಡು ಬೆರಳೆತ್ತಿ, ಒಂದೊಂದಾಗಿ ಮಡಿಚಿ, ಬರಿಗೈ ತೋರಿಸಿದಳು. ಆ ಹೆಂಗಸು ಎದ್ದು ಒಳಗೆ ಹೋಗಿ ಒಂದು ಕೆಂಪು ಸೀರೆ ತಂದು ಅವಳ ಮಡಿಲಿಗೆ ಹಾಕಿದಳು. ಮಡಿಕೆ ಕೂಡ ಕೆಡದ ಸೀರೆ. ಸಾಸಿವೆ ಎಣ್ಣೆಯ ವಾಸನೆ ಇತ್ತು. ಬೆಟ್ಟಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು. ಮಕ್ಕಳೆಷ್ಟು? ಹೆಂಗಸು ಎರಡು ಬೆರಳು ಎತ್ತಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಹೆಣ್ಣು ಮಗುವನ್ನು ತೋರಿಸಿ ಒಂದು ಬೆರಳು ಮಡಿಚಿದಳು. ಇನ್ನೊಂದನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ಮಡಿಚಿ, ಬರಿಗೈ ತೋರಿಸಿದಳು. ಈಗ ತಾನೇ ಬೆಟ್ಟಮ್ಮ ತೋರಿಸಿದ ಹಾಗೆಯೇ.

ಮಗು ಸತ್ತವಳ ಬಟ್ಟೆ ಆಗದು. ಕೊಟ್ಟದ್ದನ್ನು ಹಿಂದಕ್ಕೆ ಕೊಡಲೂ ಆಗದು. ಇಬ್ಬರೂ ಸೊಪ್ಪು ಹರವುತ್ತ ಕೂತರು. ಬಸ್ಸಿನ ಹಾರನ್ನು ಕೇಳಿಸಿದಾಗ ಬೆಟ್ಟಮ್ಮ ಕೆಂಪು ಸೀರೆಯನ್ನು ಗಂಟಿನ ಅಡಿಗೆ ಸೇರಿಸಿಕೊಂಡು ಎದ್ದಳು.

ಹಿಂದಕ್ಕೆ ಬರುವ ದಾರಿಯುದ್ದಕ್ಕೂ, ಬಸ್ಸು ನಿಂತಲ್ಲೆಲ್ಲ, ಅಡಿಗೆ ಮುಗಿದ ಮೇಲೆ ಹೊಲಿದಳು. ನಾಲ್ಕು ಬಟ್ಟೆ ಸುತ್ತ ಕೂಡಿಕೊಂಡವು. ನಡುವೆ ಒಂದು ಮೊಳದಷ್ಟು ಜಾಗ ಬಾಯಿ ಬಿಟ್ಟುಕೊಂಡು ಉಳಿಯಿತು. ಕೊನೆಗೆ ಮನಸ್ಸು ಗಟ್ಟಿ ಮಾಡಿ ಪುಟ್ಟಲಕ್ಷ್ಮಮ್ಮನ ಸೀಟಿನ ಹತ್ತಿರ ಹೋಗಿ ನಿಂತಳು.

“ಅವತ್ತು ನಲ್ಲಿತಾವ ಅಂದಿದ್ದು ತಪ್ಪಾಯ್ತು ಕಣಕ್ಕ. ಒಂದು ತುಂಡು ಬಟ್ಟೆ ಕಮ್ಮಿ ಬಿದ್ದದೆ.”

ಪುಟ್ಟಲಕ್ಷ್ಮಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು ಆ ಮುಖದಲ್ಲಿ.

“ನಾನು ಕೊಟ್ಟ ಬಟ್ಟೆ ಮ್ಯಾಲೆ ಒಂದು ಮೊಗ ಓಯ್ತಲ್ಲಮ್ಮಿ. ನೀನು ಅಂದೆ, ಮರ್ತೆ. ನಂಗೆ ಮರ್ಯಾಕಾಗ್ನಿಲ್ಲ. ಮಲಗಿದ್ರೆ ಆ ಅಸಿರು ಸೀರೆನೇ ಕಣ್ಣಿಗೆ ಬರ್ತದೆ. ಈ ಸಲವೂ ಏನಾರ ಆದ್ರೆ ನಾನು ಎಲ್ಲಿಗೋಗ್ಲಿ? ಕೇಳ್ಬ್ಯಾಡ, ಓಗು.”

ಬೆಟ್ಟಮ್ಮ ತನ್ನ ಜಾಗಕ್ಕೆ ಬಂದು ಪಾತ್ರೆಗಳ ನಡುವೆ ಕೂತಳು. ಬೀದಿಯಲ್ಲಿ ತಾನೊಬ್ಬಳೇ ಆ ಕೂಸುಗಳನ್ನು ಕಳೆದುಕೊಂಡವಳು ಎಂದು ಎರಡು ವರ್ಷದಿಂದ ತಿಳಿದುಕೊಂಡಿದ್ದಳು. ಅಳು ಬಂತು, ಈರುಳ್ಳಿ ಬುಟ್ಟಿ ಪಕ್ಕದಲ್ಲೇ ಇದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ.

ನಾಗಮಂಗಲ ಸೇರುವ ಹಿಂದಿನ ದಿನ ಗಂಟಿನ ಅಡಿಯಿಂದ ಕೆಂಪು ಸೀರೆ ತೆಗೆದಳು. ಮಗು ಸತ್ತವಳು ಕೊಟ್ಟದ್ದು ಆಗದು ಎಂದರೆ ತನ್ನ ನಾಗಮಣಿ ಈ ಜನ್ಮದಲ್ಲಿ ಯಾರ ಕೂಸಿಗೂ ಒಂದು ಚೂರು ಬಟ್ಟೆ ಕೊಡುವ ಹಾಗಿಲ್ಲ. ಯಾರಾದರೂ ಬಂದು ಕೇಳಿದರೆ, ಅವಳೂ ಹೀಗೆಯೇ ಒಳಗೆ ಹೋಗಿ ಇದ್ದುದರಲ್ಲಿ ಒಳ್ಳೆಯದನ್ನೇ ತಂದು ಕೊಟ್ಟಾಳು. ಅದನ್ನು ಬಚ್ಚಲಿಗೆ ಎಸೆಯುತ್ತಾರೋ? ಬೆಟ್ಟಮ್ಮ ಸೀರೆಯನ್ನು ಹರಿದು, ನಾಲ್ಕು ಪದರ ಮಾಡಿ, ನಡುವಿನ ಜಾಗದಲ್ಲಿ ಇಟ್ಟು ಹೊಲಿದಳು. ಕೂಸಿನ ಬೆನ್ನು ಬರುವ ಕಡೆ.

ಕ್ಯಾತನಹಳ್ಳಿಯಲ್ಲಿ ಜಯಲಕ್ಷ್ಮಮ್ಮ ಜಗುಲಿಯ ಮೇಲೆ ಚಾಪೆ ಹಾಕಿದಳು, ಕಾಫಿ ಕೊಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಕೌದಿಯನ್ನು ಬಿಚ್ಚಿ, ಹಿಂದೆ ಮುಂದೆ ತಿರುವಿ ನೋಡಿದಳು.

“ಎಷ್ಟು ಮನೇದು?”

“ಐದು.”

“ಕೊಟ್ಟೋರ ಮಕ್ಕಳೆಲ್ಲ ಚೆನ್ನಾಗವ್ರೆ ತಾನೆ?”

“ಊಂ, ಚೆನ್ನಾಗವ್ರೆ,” ಎಂದಳು ಬೆಟ್ಟಮ್ಮ. ಕಾಫಿ ಲೋಟ ಕೆಳಗಿಟ್ಟಳು.

“ಇಟ್ಟಿರ್ತೀನಿ ಬುಡಿ. ಬ್ಯಾಸರ ಮಾಡ್ಕಬ್ಯಾಡಿ, ಎರಿಗೆ ಆದ್ಮೇಲೆ ನಾವೇ ಯೋಳಿ ಕಳುಸ್ತೀವಿ. ಅಲ್ಲೀಗಂಟ ಬರ್ಬ್ಯಾಡಿ.”

ಬಾಗಿಲ ಹಿಂದೆ ನಾಗಮಣಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. “ಉಂಡ್ಯೇನವ್ವ?” ಎಂದಳು. “ಉಂಡೆ ಕಣವ್ವ,” ಎಂದಳು ಬೆಟ್ಟಮ್ಮ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಯುಗಾದಿ ಕಳೆದ ಮೇಲೆ ಅಕ್ಕಿಹೆಬ್ಬಾಳಿನ ರೈಲು ಸ್ಟೇಷನ್ನಿನಲ್ಲಿ ಕ್ಯಾತನಹಳ್ಳಿಯವರೊಬ್ಬರು ಸಿಕ್ಕಿ, ಹೆಣ್ಣು ಕೂಸಾಯಿತಂತಲ್ಲ, ಮೊನ್ನೆ ಸೋಮವಾರ, ಎಂದರು. ಬೀಗರ ಮನೆಯಿಂದ ಯಾರೂ ಬರಲಿಲ್ಲ. ಒಂಬತ್ತನೇ ದಿನ ಬೆಟ್ಟಮ್ಮ ಒಲೆ ಹಚ್ಚಲಿಲ್ಲ. ಹನ್ನೊಂದನೇ ದಿನ ನಲ್ಲಿಗೂ ಹೋಗಲಿಲ್ಲ. ಯಾರಾದರೂ ಸುದ್ದಿ ತಂದಾರು ಎಂಬ ಭಯಕ್ಕೆ ಬಾಗಿಲು ಹಾಕಿಕೊಂಡು ಕೂತಳು. ಏನಾದರೂ ಆದರೆ ಈ ಸಲ ಯಾವ ಮನೆಯ ಬಟ್ಟೆ ಎಂದು ಕೇಳುವ ಹಾಗೂ ಇರಲಿಲ್ಲ. ಅದು ಅವಳ ಕೈಯ ಹೊಲಿಗೆ, ಅವಳ ಬಾಯಿಯ ಸುಳ್ಳು.

ಹನ್ನೆರಡನೇ ದಿನ ತಡೆಯಲಾಗಲಿಲ್ಲ. ಪಾಂಡವಪುರಕ್ಕೆ ಬಂದು ಕ್ಯಾತನಹಳ್ಳಿ ಮಾರ್ಗದ ಬಸ್ಸು ಹತ್ತಿದಳು. ಬರಬೇಡಿ ಎಂದ ಮನೆಗೆ ಹೋಗುವ ಹಾಗಿಲ್ಲ, ರಸ್ತೆ ಯಾರಪ್ಪನದೂ ಅಲ್ಲ. ಮುಂದಿನ ಊರಿಗೆ ಟಿಕೇಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತಳು.

ಕ್ಯಾತನಹಳ್ಳಿಯ ಒಳಗೆ ಕಬ್ಬಿನ ಟ್ರಾಕ್ಟರೊಂದು ರಸ್ತೆಗಡ್ಡವಾಗಿ ನಿಂತಿತ್ತು. ಡ್ರೈವರು ಬಯ್ದು, ಇಂಜಿನ್ ಆರಿಸಿ, ಬೀಡಿ ಹಚ್ಚಿದ. ಎರಡು ಮನೆ ಮುಂದಕ್ಕೆ ಜಯಲಕ್ಷ್ಮಮ್ಮನ ಮನೆಯ ಪಕ್ಕದ ಬಯಲು ಕಾಣುತ್ತಿತ್ತು. ಹಗ್ಗದ ಮೇಲೆ ಅಂಗೈಯಗಲದ ಬಟ್ಟೆಗಳು ಆರೇಳು. ಅವುಗಳ ಕೊನೆಯಲ್ಲಿ ಕೌದಿ. ನೀರು ಕುಡಿದು ಹಗ್ಗವನ್ನೇ ಕೆಳಕ್ಕೆ ಜಗ್ಗಿತ್ತು.

ಒಳಗಿಂದ ನಾಗಮಣಿಯ ಧ್ವನಿ ಬಂತು. “ಅತ್ತೆ, ಕೌದಿ ಒಣಗ್ತಾ?”

“ಎಲ್ಲೊಣಗ್ತದೆ, ಗಳಿಗೆಗೊಂದ್ಸಲ ಒದ್ದೆ ಮಾಡುದ್ರೆ,” ಎನ್ನುತ್ತ ಜಯಲಕ್ಷ್ಮಮ್ಮ ಹೊರಗೆ ಬಂದು, ಕೌದಿಯ ನಡುವನ್ನು ಕೈಯಿಂದ ಮುಟ್ಟಿ ನೋಡಿ, ಕೆಂಪು ಬಟ್ಟೆಯಿದ್ದ ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ ಒಳಗೆ ಹೋದಳು. ರಸ್ತೆಯ ಕಡೆ ನೋಡಲಿಲ್ಲ.

“ಅಮ್ಮ, ಇಲ್ಲೇ ಇಳೀತೀರಾ?” ಎಂದ ಕಂಡಕ್ಟರು. ಬೆಟ್ಟಮ್ಮ ಬಾಗಿಲ ಕಡೆಗೆ ಎದ್ದು ನಿಂತಿದ್ದಳು.

“ಇಲ್ಲ ಕಣಪ್ಪ, ಮುಂದ್ಕೆ,” ಎಂದು ಮತ್ತೆ ಕೂತಳು.

ಟ್ರಾಕ್ಟರು ಪಕ್ಕಕ್ಕೆ ಸರಿಯಿತು. ಬಸ್ಸು ಆ ಮನೆಯ ಮುಂದೆ ನಿಧಾನವಾಗಿ ಹಾದುಹೋಯಿತು. ಕೌದಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗಿನ ಮಣ್ಣಿನಲ್ಲಿ, ದಿನಾ ಹನಿ ಬಿದ್ದ ಕಡೆಯೇ ಬಿದ್ದು, ಸಣ್ಣ ಸಣ್ಣ ಗುಳಿಗಳ ಒಂದು ಸಾಲು ಮೂಡಿತ್ತು.