ಮೊದಲು ಹೇಗಿದ್ದರು

“ಬೀಳೋದಕ್ಕೆ ಮೊದಲು ಹೇಗಿದ್ದರು?” ಎಂದು ಸ್ಪಂದನಾ ಎರಡನೆಯ ಸಲ ಕೇಳಿದಳು.

“ಚೆನ್ನಾಗಿದ್ದಳು” ಎಂದ ಜಯಂತ್.

“ಚೆನ್ನಾಗಿ ಅಂದ್ರೆ?”

ಇದೆಂಥ ಪ್ರಶ್ನೆ ಅನ್ನಿಸಿತು. ಚೆನ್ನಾಗಿ ಅಂದರೆ ಚೆನ್ನಾಗಿ. ಹೆಂಡತಿ ಚೆನ್ನಾಗಿದ್ದಾಳೆ ಎಂದರೆ ಗಂಡನಾದವನು ಅವಳ ಬಗ್ಗೆ ಯೋಚಿಸಬೇಕಾದ ಪ್ರಮೇಯ ಬಂದಿಲ್ಲ ಎಂದು ಅರ್ಥ. ಆದರೆ ಇಷ್ಟು ಓದಿಕೊಂಡ ಹುಡುಗಿಯ ಮುಂದೆ ಹಾಗೆ ಹೇಳಲು ಬರುವುದಿಲ್ಲ. “ನಾರ್ಮಲ್ ಆಗಿದ್ದಳು” ಎಂದು ತಿದ್ದಿ ಹೇಳಿದ.

ಸ್ಪಂದನಾ ಬೆಂಗಳೂರಿನವಳು. ಥಾಣೆಯ ವರ್ತಕ ನಗರದ ಈ ಕ್ಲಿನಿಕ್ಕಿನಲ್ಲಿ ನ್ಯೂರೋಸೈಕಾಲಜಿಸ್ಟ್. ಕನ್ನಡದವಳು ಎಂಬ ಒಂದೇ ಕಾರಣಕ್ಕೆ ಜಯಂತ್ ಇವಳನ್ನು ಹುಡುಕಿ ಗೊತ್ತು ಮಾಡಿದ್ದ. ಪರೀಕ್ಷೆ ಮಾತೃಭಾಷೆಯಲ್ಲಾದರೆ ಒಳ್ಳೆಯದು ಎಂದು ಎಲ್ಲೋ ಓದಿದ್ದ. ಬೆಳಿಗ್ಗೆ ಬಂದ ಕೂಡಲೇ ಸ್ಪಂದನಾ ಯಾವ ಭಾಷೆಯಲ್ಲಿ ಮಾಡೋಣ ಎಂದು ಕೇಳಿದಾಗ ಅವನು ಕನ್ನಡ ಅಂದ. ವಾರಿಜಾ ಮಾತ್ರ, “ಮರಾಠಿ ಆದೀತು. ಕಲಿತದ್ದು, ಕಲಿಸುವುದು ಎಲ್ಲ ಅದರಲ್ಲೇ ಅಲ್ವಾ. ಲೆಕ್ಕ ಬಂದರೆ ಮನಸ್ಸಿನಲ್ಲಿ ತುಳುವಿನಲ್ಲಿ ಮಾಡುವುದು” ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಯಾವ ಭಾಷೆಯಲ್ಲಿ ಎಣಿಸುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಗೊತ್ತು ಮಾಡಿಕೊಳ್ಳುವ ಸಂದರ್ಭವಾದರೂ ಯಾವುದಿತ್ತು?

ಹಾಗಾಗಿ ಈಗ ಅವಳು ತೃಪ್ತಿ ಎಂಬ ಸಹಾಯಕಿಯ ಜೊತೆ ಪಕ್ಕದ ಕೋಣೆಯಲ್ಲಿ ಮರಾಠಿಯಲ್ಲಿ ಪರೀಕ್ಷೆ ಕೊಡುತ್ತಿದ್ದಳು. ಗಾಜಿನ ಬಾಗಿಲಿನಾಚೆ ಬಣ್ಣಬಣ್ಣದ ಬ್ಲಾಕುಗಳನ್ನು ಜೋಡಿಸುತ್ತಿರುವ ಅವಳ ಬೆನ್ನು ಕಾಣುತ್ತಿತ್ತು. ಉಡುಪಿ ಹೋಟೆಲಿನವರ ಮಗಳು. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಲ್ಲಿಯದೇ ಶಾಲೆಯಲ್ಲಿ ಗಣಿತದ ಟೀಚರ್. ಮಳೆಗಾಲ ಶುರುವಾದ ಹೊಸತರಲ್ಲಿ ಸ್ಟೇಷನ್ನಿನ ಬ್ರಿಜ್ ಮೆಟ್ಟಿಲಲ್ಲಿ ಕಾಲು ಜಾರಿ, ತಲೆಗೆ ಪೆಟ್ಟಾಗಿತ್ತು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಒಂದು ವಾರ ಮನೆಯಲ್ಲಿದ್ದು ಮತ್ತೆ ಶಾಲೆಗೆ ಹೋದಳು.

ಅದಾದ ಮೇಲೆಯೇ ಜಯಂತ್ ಗಮನಿಸಿದ್ದು. ಅವಳಿಗೆ ಮರೆವು.

“ಉದಾಹರಣೆ ಕೊಡಿ ಸರ್.”

ಇದಕ್ಕೆ ಅವನು ತಯಾರಾಗಿ ಬಂದಿದ್ದ. ಐರೋಲಿಯ ಕಂಪನಿಯಲ್ಲಿ ಅವನು ಸೀನಿಯರ್ ಮ್ಯಾನೇಜರ್. ಕೈಕೆಳಗಿನವರ ಕುಂದುಕೊರತೆಗಳನ್ನು ಪ್ರತಿ ಮಾರ್ಚಿನಲ್ಲೂ ಪುಟಗಟ್ಟಲೆ ಬರೆದು ಅಭ್ಯಾಸ. ಆಫೀಸಿನಲ್ಲಿ ತನ್ನ ಮೇಲಿನವನು ಬದಲಾಗುವ ವಿಷಯ ಹೇಳಿದ್ದೆ, ಮರುದಿನ ಅವಳಿಗೆ ನೆನಪಿರಲಿಲ್ಲ ಎಂದ. ಅವನ ಅಣ್ಣನ ಮಗನ ಗೃಹಪ್ರವೇಶದ ದಿನ ಮರೆತಳು. ಗಂಡನ ಬೆನ್ನುನೋವಿಗೆ ಯಾವ ಎಣ್ಣೆ ಕೊಟ್ಟಿದ್ದಾರೆಂದು ಮರೆತಳು. ಊಟಕ್ಕೆ ಕೂತಾಗ ಅವನು ಒಂದು ಕಥೆಯನ್ನೇ ಹೇಳಿ ಮುಗಿಸಿದರೂ ಆಮೇಲೆ ಕೇಳಿದರೆ, ಹೌದಾ, ಅನ್ನುತ್ತಾಳೆ.

“ಶಾಲೇಲಿ ಏನಾದ್ರೂ ತೊಂದರೆ ಆಯ್ತಾ? ಅಡುಗೆ, ಬ್ಯಾಂಕು, ದಾರಿ ತಪ್ಪೋದು?”

“ಇಲ್ಲ.”

ಆ ‘ಇಲ್ಲ’ ಅವನ ಕೇಸನ್ನು ಸ್ವಲ್ಪ ದುರ್ಬಲ ಮಾಡಿತು. ಸ್ಪಂದನಾ ಏನೋ ಬರೆದುಕೊಂಡಳು.

“ನೋಡಿ ಸರ್, ಸ್ಕ್ಯಾನ್ ಮೆದುಳಿನ ಫೋಟೋ ತೋರಿಸುತ್ತೆ, ಅಷ್ಟೆ. ಅದು ದಿನಾ ಹೇಗೆ ಕೆಲಸ ಮಾಡ್ತಾ ಇದೆ ಅನ್ನೋದನ್ನ ನಾವು ನೋಡ್ತೀವಿ. ಗಮನ, ನೆನಪು, ಮಾತು, ಪ್ಲಾನ್ ಮಾಡೋದು. ಪೆಟ್ಟು ಬಿದ್ದು, ಸ್ಕ್ಯಾನ್ ಸರಿ ಇದ್ದೂ ಮನೆಯವರಿಗೆ ಬದಲಾವಣೆ ಕಾಣಿಸಿದ್ರೆ, ಆಗ ಈ ಟೆಸ್ಟು ಉಪಯೋಗಕ್ಕೆ ಬರುತ್ತೆ. ಆದರೆ ಬದಲಾವಣೆ ಅನ್ನೋಕೆ ಮೊದಲು ಹೇಗಿದ್ರು ಅಂತ ಗೊತ್ತಾಗಬೇಕಲ್ಲ. ಅದನ್ನ ಯಾವ ಮಿಷನ್ನೂ ಹೇಳಲ್ಲ. ಹತ್ತಿರದವರೇ ಹೇಳಬೇಕು.”

“ಖಂಡಿತ” ಎಂದ ಹತ್ತಿರದವನು.

“ಖಾಲಿ ಸಮಯದಲ್ಲಿ ಏನು ಮಾಡ್ತಿದ್ರು?”

ಜಯಂತ್ ಗಾಜಿನಾಚೆಯ ಬೆನ್ನನ್ನು ನೋಡಿದ. ಖಾಲಿ ಸಮಯ. ಅವನ ಖಾಲಿ ಸಮಯದಲ್ಲಿ ಅವಳು ಅಡುಗೆ ಮನೆಯಲ್ಲಿರುತ್ತಿದ್ದಳು. ಅವಳ ಖಾಲಿ ಸಮಯದಲ್ಲಿ ಅವನು ಎಲ್ಲಿರುತ್ತಿದ್ದನೋ. ತಾಯಿಗೆ ಫೋನು ಮಾಡಿ ತುಳುವಿನಲ್ಲಿ ನಗುತ್ತಿದ್ದಳು. ಏನೆಂದು ಅವನಿಗೆ ಅರ್ಥವಾಗುತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

“ಹಾಡ್ತಿದ್ದಳು” ಎಂದ. ಹೆಣ್ಣು ನೋಡಲು ಹೋದ ದಿನ ಅವಳು ಹಾಡಿದ್ದು ಹೇಗೋ ನಾಲಿಗೆಗೆ ಬಂದುಬಿಟ್ಟಿತ್ತು.

“ಈಗ?”

“ಈಗ ಇಲ್ಲ.”

“ಯಾವಾಗ ನಿಲ್ಲಿಸಿದ್ರು?”

“ಬಿದ್ದ ಮೇಲೆ.”

ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಸ್ಪಂದನಾ ಅದನ್ನು ಬರೆದುಕೊಂಡಾಗ ಆಶ್ಚರ್ಯ ಹೋಗಿ ಸಮಾಧಾನವಾಯಿತು. ಕೊನೆಗೂ ಒಂದು ಲಕ್ಷಣ ಸಿಕ್ಕಿತ್ತು.

ಹೊರಗೆ ಬಂದು ಕಾರಿಡಾರಿನಲ್ಲಿ ಕೂತ. ಮಗಳು ಅಶ್ಮಿತಾಳ ಫೋನು ಬಂತು. ಕಾಮೋಠೆಯಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದಾಳೆ. ಅವನು ಕನ್ನಡದಲ್ಲಿ ಕೇಳುತ್ತಾನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ. ಇಬ್ಬರಿಗೂ ಅದು ರೂಢಿಯಾಗಿದೆ.

“ಮಮ್ಮಿ ಕಾ ಟೆಸ್ಟ್ ಹೋ ಗಯಾ?”

“ನಡೀತಾ ಇದೆ. ತುಂಬ ಮರೀತಾಳಲ್ಲ, ನೋಡೋಣ.”

“ಕ್ಯಾ ಭೂಲ್ತೀ ಹೈ, ಪಪ್ಪಾ? ಮೇರಾ ಡೆಂಟಿಸ್ಟ್ ಭೀ ಉಸೀ ಕೋ ಯಾದ್ ಥಾ.”

“ನಿನಗೆ ಗೊತ್ತಾಗಲ್ಲ” ಎಂದು ಫೋನಿಟ್ಟ.

ಅವನಿಗೆ ಗೊತ್ತಾಗಿತ್ತು. ಮಗಳು ದಂತವೈದ್ಯರ ಬಳಿ ಹೋಗಬೇಕಾದ ದಿನ, ತನ್ನ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ, ಶಾಲೆಯ ಹುಡುಗರ ಹೆಸರು, ಎಲ್ಲ ವಾರಿಜಾಳ ನೆನಪಿನಲ್ಲಿದ್ದವು. ಇಲ್ಲದ್ದು ತಾನೊಬ್ಬ. ಇದಕ್ಕೆ ಕಾರಣ ಮೆದುಳಿನ ಪೆಟ್ಟೇ ಆಗಿರಲಿ ಎಂದು ಅವನು ನಾಲ್ಕು ತಿಂಗಳಿಂದ ಆಸೆಪಡುತ್ತಿದ್ದ. ಪೆಟ್ಟಾದರೆ ಅದು ಯಾರ ತಪ್ಪೂ ಅಲ್ಲ. ಪೆಟ್ಟಾದ ಹೆಂಡತಿಯನ್ನು ನೋಡಿಕೊಳ್ಳಬಹುದು, ಕೈಹಿಡಿದು ರಸ್ತೆ ದಾಟಿಸಬಹುದು, ಮಾತ್ರೆ ಕೊಡಬಹುದು. ಅದನ್ನೆಲ್ಲ ಅವನು ಪ್ರೀತಿಯಿಂದಲೇ ಮಾಡುವವನು, ಆ ಮಾತು ಸುಳ್ಳಲ್ಲ. ವರದಿಯಲ್ಲಿ ಏನಾದರೂ ಬಂದರೆ ದೀಪಾವಳಿಗೆ ಶಾಲೆ ಬಿಟ್ಟುಬಿಡು ಎಂದು ಅವಳಿಗೆ ಹೇಳಿಯೂ ಇದ್ದ. “ಬರಲಿ, ನೋಡುವ” ಎಂದಿದ್ದಳು. ಅವಳ ನೌಕರಿಯನ್ನು ಈ ಪರೀಕ್ಷೆಯ ಮೇಲೆ ತಂದು ನಿಲ್ಲಿಸಿದವನು ಅವನೇ. ಏನೂ ಬರದಿದ್ದರೆ ಏನು ಮಾಡುವುದು ಎಂದು ಮಾತ್ರ ಯೋಚಿಸಿರಲಿಲ್ಲ.

ಮಧ್ಯಾಹ್ನ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ವಾರಿಜಾಳ ಮುಖದಲ್ಲಿ ಒಂಚೂರು ಆಯಾಸ, ಒಂಚೂರು ಖುಷಿ. ಒಳ್ಳೆಯ ಪೇಪರು ಬರೆದು ಬಂದ ಹುಡುಗಿಯ ಹಾಗಿದ್ದಳು.

“ಪೂರ್ತಿ ವರದಿ ಮುಂದಿನ ವಾರ ಕೊಡ್ತೀನಿ” ಎಂದಳು ಸ್ಪಂದನಾ. “ಮೇಡಂ ಒಪ್ಪಿದ್ದಾರೆ, ಅದಕ್ಕೇ ಸರ್ ಎದುರಿಗೇ ಹೇಳಿಬಿಡ್ತೀನಿ. ನೆನಪು, ಗಮನ ಎಲ್ಲ ಅವರ ವಯಸ್ಸಿಗೆ ಸರಿಯಾಗಿದೆ. ಕೆಲವು ಕಡೆ ಜಾಸ್ತೀನೇ ಚೆನ್ನಾಗಿದೆ. ಕೆಲಸಕ್ಕೆ ಹೋಗೋಕೆ ಏನೂ ಅಡ್ಡಿ ಇಲ್ಲ. ಹಾಡೋದು ಒಂದು ನಿಂತುಹೋಗಿದೆ ಅಂದ್ರು ಸರ್. ಮನಸ್ಸಿಗೇನಾದ್ರೂ ಬೇಜಾರಿದೆಯಾ ಮೇಡಂ?”

ವಾರಿಜಾ ಗಂಡನನ್ನು ನೋಡಿದಳು. ಸಿಟ್ಟಿನಿಂದಲ್ಲ. “ಸೋಮವಾರ ಸೋಮವಾರ ಭಜನೆಗೆ ಹೋಗ್ತೇನಲ್ಲ. ನಾನೇ ಹೇಳಿಕೊಡುವುದು” ಎಂದಳು.

ಸೋಮವಾರ ಅವಳಿಗೆ ಎಕ್ಸ್‌ಟ್ರಾ ಕ್ಲಾಸ್ ಎಂದು ಜಯಂತ್ ತಿಳಿದಿದ್ದ. ಹಾಗೆಂದು ಅವಳು ಹೇಳಿದ್ದಳೇ, ತಾನೇ ಅಂದುಕೊಂಡದ್ದೇ? ಸ್ಪಂದನಾ ಪೆನ್ನಿಗೆ ಮುಚ್ಚಳ ಹಾಕಿದಳು.

“ಸಂತೋಷ” ಎಂದ. ನಕ್ಕ ಕೂಡ. ಒಳಗೆ ಮಾತ್ರ ಅಳು ಬರುವಷ್ಟು ದುಃಖವಾಗಿತ್ತು. “ಹಾಗಾದರೆ ನಾನು ಹೇಳಿದ್ದೆಲ್ಲ ಯಾಕೆ ಮರೀತಾಳೆ?”

“ಮರೆಯೋಕೂ ಅದು ಮೊದಲು ಒಳಗೆ ಹೋಗಿರಬೇಕು ಸರ್. ತೃಪ್ತಿ ಓದಿದ ಕಥೇನ ಅರ್ಧ ಗಂಟೆ ಬಿಟ್ಟು ಕೇಳಿದ್ರೆ ಒಂದು ಮಾತೂ ಬಿಡದೆ ಹೇಳಿದ್ರು. ಮನೇಲಿ…” ಎಂದು ತಡೆದಳು. “ಮನೇದು ಈ ಟೆಸ್ಟಿಗೆ ಬರಲ್ಲ. ಇಬ್ಬರೂ ಕೂತು ಮಾತಾಡಬೇಕು ಅಂದ್ರೆ ನಮ್ಮಲ್ಲಿ ಬೇರೆಯವರಿದ್ದಾರೆ.”

“ಅಷ್ಟೆಲ್ಲ ಎಂತಕ್ಕೆ” ಎಂದು ವಾರಿಜಾ ಎದ್ದಳು.

ಸ್ಟೇಷನ್ನಿಗೆ ಆಟೋ ಹಿಡಿದರು. ಸಿಗ್ನಲಿನಲ್ಲಿ ಆಟೋ ನಿಂತಾಗ ಅವನು ಕೇಳಿದ.

“ನಮ್ಮ ಆಫೀಸಲ್ಲಿ ಹೊಸ ಹೆಡ್ ಬರ್ತಾರೆ ಅಂದಿದ್ದೆ. ಯಾರು ಹೇಳು?”

“ಗೊತ್ತಿಲ್ಲ.”

“ಮೊನ್ನೆ ಹೇಳಿದೀನಿ ಕಣೇ.”

“ಹೇಳಿರಬಹುದು.”

“ಬೇಕೂಂತ ಮರೀತೀಯಾ?”

ಅವಳು ಸ್ವಲ್ಪ ಯೋಚಿಸಿದಳು. ಪರೀಕ್ಷೆಯ ಪ್ರಶ್ನೆಗೆ ಉತ್ತರ ಕೊಡುವವಳಂತೆ, ಸರಿಯಾಗಿಯೇ ಹೇಳಬೇಕೆಂದು. “ಬೇಕೂಂತ ಮರೆಯಲಿಕ್ಕೆ ಆಗ್ತದಾ? ನೀವು ಮಾತಾಡುವಾಗ ನನಗೆ ಕೇಳ್ತದೆ, ಅಷ್ಟೇ.”

“ಬಿದ್ದಾಗಿಂದಲಾ?”

“ಬೀಳುವ ಮೊದಲೂ ಹಾಗೇ. ನೀವು ಅದನ್ನು ವಿಚಾರಿಸಿದ್ದು ಈಗ.”

ಸಿಗ್ನಲು ಬಿಟ್ಟಿತು. ಅವಳು ಹೊರಗೆ ನೋಡುತ್ತ, “ದೀಪಾವಳಿಗೆ ರಾಜೀನಾಮೆ ಇಲ್ಲ ಹಾಗಾದರೆ” ಎಂದಳು. ಅವನು “ಹ್ಞೂ” ಎಂದ. ಎಷ್ಟು ಶಾಂತವಾಗಿ ಮಾತಾಡುತ್ತಿದ್ದೇವೆ ಎಂದು ಅವನಿಗೆ ಭಯವಾಯಿತು. ಒಂದು ಜಗಳವಾದರೂ ಆಗಬಹುದಿತ್ತು.

ಥಾಣೆಯಲ್ಲಿ ಕಲ್ಯಾಣದ ಸ್ಲೋ ಲೋಕಲ್ ಬಂತು. ಎಂದಿನಂತೆ ಅವಳು ಲೇಡೀಸ್ ಡಬ್ಬಿಯ ಕಡೆ ಹೋದಳು, ಅವನು ಜನರಲ್ ಕಡೆ. ಒಟ್ಟಿಗೆ ಎಲ್ಲಿಗೆ ಹೋದರೂ ಅವರು ಹೋಗುವುದು ಹೀಗೆಯೇ. ಇಳಿದ ಮೇಲೆ ಮನೆ ಹತ್ತಿರದ ಠಾಕುರ್ಲಿ ಸ್ಟೇಷನ್ನಿನ ಬ್ರಿಜ್ ಮೆಟ್ಟಿಲ ಬುಡದಲ್ಲಿ ಸೇರುವುದು.

ಠಾಕುರ್ಲಿಯಲ್ಲಿ ಇಳಿದು ಅವನು ಮೆಟ್ಟಿಲ ಬುಡಕ್ಕೆ ಬಂದು ನಿಂತ. ಗಾಡಿ ಹೊರಟುಹೋಯಿತು. ಇಳಿದವರೆಲ್ಲ ಅವನನ್ನು ಬಳಸಿಕೊಂಡು ಮೇಲೆ ಹತ್ತಿದರು. ಪ್ಲಾಟ್‌ಫಾರ್ಮು ಖಾಲಿಯಾಗುತ್ತ ಬಂತು. ವಾರಿಜಾ ಬರಲಿಲ್ಲ.

ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ.

ಇಳಿಯುವುದನ್ನೇ ಮರೆತಿದ್ದಾಳೆ. ಮುಂದಿನ ಸ್ಟೇಷನ್ನು ಕಲ್ಯಾಣಕ್ಕೆ ಹೋಗಿಬಿಟ್ಟಿದ್ದಾಳೆ. ಈ ಯೋಚನೆ ಬಂದದ್ದೇ ತಡ, ಅವನ ಎದೆ ಹಗುರಾಯಿತು. ಇಷ್ಟು ವರ್ಷ ಇಳಿದ ತನ್ನದೇ ಸ್ಟೇಷನ್ನು! ಸ್ಪಂದನಾಳಿಗೆ ಇದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದ. ದಾರಿ ತಪ್ಪುವುದುಂಟೇ ಎಂದು ಕೇಳಿದ್ದಿರಲ್ಲ ಮೇಡಂ. ವರದಿ ಇನ್ನೂ ಬರೆದಿಲ್ಲ ತಾನೆ. ಹೋಗಿ ಕರೆದುಕೊಂಡು ಬರುತ್ತೇನೆ ಎಂದುಕೊಂಡ. ಪಾಪ, ಹೆದರಿರುತ್ತಾಳೆ. ಅವಳ ಮೇಲೆ ಎಂದೂ ಇಲ್ಲದಷ್ಟು ಮಮತೆ ಉಕ್ಕಿತು. ಮತ್ತೆ ನಂಬರು ಒತ್ತಿ, ಫೋನು ಕಿವಿಗೆ ಹಿಡಿದು ತಿರುಗಿದ.

ಪ್ಲಾಟ್‌ಫಾರ್ಮಿನ ಆ ತುದಿಯ ಬೆಂಚಿನಲ್ಲಿ ವಾರಿಜಾ ಕೂತಿದ್ದಳು. ಚಪ್ಪಲಿ ಬಿಚ್ಚಿಟ್ಟು, ಕಾಲು ಚಾಚಿಕೊಂಡು, ಯಾವ ಅವಸರವೂ ಇಲ್ಲದವಳಂತೆ. ತೊಡೆಯ ಮೇಲೆ ಅವಳ ಫೋನು ಬೆಳಗುತ್ತಿತ್ತು. ಅವಳು ಅದನ್ನು ನೋಡಿದಳು, ಎತ್ತಲಿಲ್ಲ. ತಲೆಯೆತ್ತಿ ಅವನನ್ನು ನೋಡಿದಳು, ಕರೆಯಲಿಲ್ಲ.

ಅವನೂ ನೋಡಿದ.

ಆಚೆ ಹಳಿಯಲ್ಲಿ ಇಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಒಂದು ಬರುತ್ತಿತ್ತು. ಜಯಂತ್ ಅವಳನ್ನು ಕಂಡೇ ಇಲ್ಲವೆಂಬಂತೆ ಬೆಂಚಿಗೆ ಬೆನ್ನು ಮಾಡಿದ. ಫೋನನ್ನು ಕಿವಿಯಿಂದ ತೆಗೆಯದೆ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ಕಣ್ಣೆದುರು ಧಡಧಡ ಹಾದುಹೋಗುತ್ತಿದ್ದ ಒಂದೊಂದು ಕಿಟಕಿಯಲ್ಲೂ ಹೆಂಡತಿಯನ್ನು ಹುಡುಕತೊಡಗಿದ.